ಎರಡು ಸಲ ಸೀಳಿದ ಒಲೆಕಟ್ಟೆ

“ತಮ್ಮಾ, ಕಲ್ಲು ಮತ್ತ ಸೀಳೈತಿ ನೋಡು.”

ಅಕ್ಕ ಫೋನ್ ಮಾಡಿದಾಗ ರಾತ್ರಿ ಹನ್ನೊಂದೂವರೆ. ಅವಳ ದನಿಯ ಹಿಂದೆ ನೀರು ಸುರಿಯುವ ಸದ್ದು, ಪಾತ್ರೆ ತಿಕ್ಕುವ ಸದ್ದು. ಆ ನೀರಿನ ಸದ್ದಿಗೆ ಅವತ್ತೇ ಕಿವಿ ಕೊಟ್ಟಿದ್ದರೆ ನನಗೆ ಎರಡು ತಿಂಗಳು ಉಳಿಯುತ್ತಿತ್ತು. ಕೊಡಲಿಲ್ಲ. ನಾನು ಪುಣೆಯಲ್ಲಿ ಕಟ್ಟಡದ ಸೈಟ್ ನೋಡಿಕೊಳ್ಳುವವನು. ಬಿರುಕು ಅಂದ ಕೂಡಲೇ ನನ್ನ ತಲೆ ಪಾಯದ ಕಡೆ ಓಡುತ್ತದೆ.

ಅಕ್ಕ ಅಂದರೆ ದೊಡ್ಡಪ್ಪನ ಮಗಳು. ಕೊಟ್ಟಿದ್ದು ಇಲಕಲ್ಲಿಗೆ. ಗಂಡನ ಕೆಲಸಕ್ಕೆಂದು ಪುಣೆಗೆ ಬಂದವಳು. ಖಡಕ್‌ವಾಸಲಾ ಡ್ಯಾಮ್ ದಾಟಿ ಸಿಂಹಗಡದ ಕಡೆ ಹೋಗುವ ರಸ್ತೆಯಲ್ಲಿ 2024ರ ದೀಪಾವಳಿಗೆ ಒಂದು ಖಾನಾವಳಿ ತೆರೆದಳು. ಶನಿವಾರ, ಭಾನುವಾರ ಕೋಟೆ ಹತ್ತಿ ಇಳಿದವರು ಹಸಿದು ಬರುತ್ತಾರೆ. ಅವರಿಗೆ ಪಿಠಲಾ ಭಾಕರಿ ಬೇಕು. ಅಕ್ಕ ಅವರಿಗೆ ಜುಣಕ, ಎಣಗಾಯಿ, ಜೋಳದ ರೊಟ್ಟಿ, ಶೇಂಗಾ ಹಿಂಡಿ ಹಾಕುತ್ತಾಳೆ. ಯಾರೂ ತಕರಾರು ಮಾಡಿಲ್ಲ. ಹೊರಗೆ ಮರಾಠಿಯಲ್ಲಿ ‘ಚುಲೀವರಚಂ ಜೇವಣ’ ಅಂತ ದೊಡ್ಡ ಬೋರ್ಡು. ಅಂದರೆ ಕಟ್ಟಿಗೆ ಒಲೆಯ ಅಡುಗೆ. ಬರುವವರಲ್ಲಿ ಅರ್ಧ ಜನ ಆ ಬೋರ್ಡು ನೋಡಿಯೇ ಗಾಡಿ ನಿಲ್ಲಿಸುವುದು. ಹಾಗಾಗಿ ‘ಸುಮ್ನೆ ಗ್ಯಾಸ್ ಹಚ್ಚಿಬಿಡು’ ಅನ್ನುವ ಸಲಹೆಗೆ ಇಲ್ಲಿ ಜಾಗವಿರಲಿಲ್ಲ.

ಒಲೆ ಮಣ್ಣಿನದಲ್ಲ. 6 ಮಿಮೀ ಕಬ್ಬಿಣದ ಹಾಳೆ ಬೆಸೆದು ಮಾಡಿದ್ದು. ಎರಡು ಬಾಯಿ, ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಇಂಚಿನ ನಾಲ್ಕು ಕಾಲು. ನೂರು ಕಿಲೋಗಿಂತ ಜಾಸ್ತಿ ತೂಕ. ಅದು ಕೂತದ್ದು ಇಟ್ಟಿಗೆಯ ಕಟ್ಟೆಯ ಮೇಲೆ. ಕಟ್ಟೆ ಐದು ಅಡಿ ಉದ್ದ, ಎರಡೂವರೆ ಅಡಿ ಅಗಲ. ಮೇಲೆ ಒಂದೇ ತುಂಡು ಕೆಂಪು ಗ್ರಾನೈಟ್, 20 ಮಿಮೀ ದಪ್ಪ. ಮೂರು ಕಡೆ ಗೋಡೆ, ಮುಂದೆ ಮಾತ್ರ ಖಾಲಿ. ಗೌಂಡಿ ಕಲ್ಲನ್ನು ಸಿಮೆಂಟಿನಲ್ಲಿ ಕೂಡಿಸಿ, ಗೋಡೆಗೆ ತಾಗುವಲ್ಲೆಲ್ಲ ಬಿಳಿ ಸಿಮೆಂಟ್ ತುಂಬಿ, ಒಂದು ಕೂದಲೂ ಹೋಗದ ಹಾಗೆ ಮುಚ್ಚಿದ್ದ. ನೋಡಲು ಚೆನ್ನಾಗಿತ್ತು. ಗ್ರಾನೈಟ್ ಯಾಕೆ ಅಂದರೆ, ಅದು ಇಲಕಲ್ಲಿನದು. “ನಮ್ಮೂರ ಕಲ್ಲು, ಬೆಂಕಿಗೆ ಅಂಜೂದಿಲ್ಲ” ಅಂತ ಅಕ್ಕ ಹಟ ಹಿಡಿದು ತರಿಸಿದ್ದಳು.

ನವೆಂಬರ್ ಮುಗಿಯುವ ಮೊದಲೇ ಮೊದಲ ಹಲಗೆ ಸೀಳಿತು. ‘ಟಪ್’ ಅಂತ ಸದ್ದು ಬಂತಂತೆ, ತೆಂಗಿನಕಾಯಿ ಒಡೆದ ಹಾಗೆ. ಗೌಂಡಿ ಇಂಡಿ ಕಡೆಯವನು. ಇಪ್ಪತ್ತು ವರ್ಷದಿಂದ ಪುಣೆಯಲ್ಲಿ ಕೆಲಸ ಮಾಡುತ್ತಿದ್ದಾನೆ, ಕೈ ಚೊಕ್ಕ. “ಕಲ್ಲಾಗ ಮೊದಲ ಸೀಳ ಇತ್ರಿ” ಅಂದು ಬೇರೆ ಹಲಗೆ ಕೂಡಿಸಿದ. ಜನವರಿ ಮೊದಲ ವಾರ ಎರಡನೆಯದೂ ಸೀಳಿತು, ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಆಗ ಬಂದದ್ದು ಈ ಫೋನು.

ಪಾಯದ ಮೇಲೆ ಗುಮಾನಿ

ಮರುದಿನ ಹೋಗಿ ನೋಡಿದೆ. ಬಿರುಕು ಮುಂದಿನ ಅಂಚಿನಲ್ಲಿ, ಎಡಗಡೆಯ ಬಾಯಿಯ ಎದುರಿಗೆ ಶುರುವಾಗಿತ್ತು. ಅಲ್ಲಿ ಉಗುರು ಇಳಿಯುವಷ್ಟು ಅಗಲ. ಒಳಗೆ ಹೋದ ಹಾಗೆ ಸಣ್ಣದಾಗುತ್ತ, ಒಲೆಯ ಹೊಟ್ಟೆಯ ಕೆಳಗೆ ಕೂದಲಿನ ಹಾಗೆ ಆಗಿ ಮಾಯವಾಗಿತ್ತು. ಇದು ದೊಡ್ಡ ಸುಳಿವು. ಆದರೆ ನಾನು ಅದನ್ನು ನೋಡಿಯೂ ನೋಡಲಿಲ್ಲ. ಗೆಣ್ಣಿನಿಂದ ಕುಟ್ಟಿದರೆ ನಡುವೆ ಪೊಳ್ಳು ಸದ್ದು. ಕಲ್ಲು ಸಿಮೆಂಟ್ ಬಿಟ್ಟು ಎದ್ದಿತ್ತು.

ಆ ಜಾಗ ಮೊದಲು ಹೊಲ. ಎರೆ ಮಣ್ಣು. ಪುಣೆ ಸುತ್ತ ಕೆಲಸ ಮಾಡಿದವರಿಗೆ ಎರೆ ಮಣ್ಣಿನ ಚೇಷ್ಟೆ ಗೊತ್ತು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಆ ವರ್ಷ ನನ್ನ ಒಂದು ಸೈಟಿನಲ್ಲಿ ಕಾಂಪೌಂಡ್ ಗೋಡೆ ಹೀಗೇ ಹೋಗಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ಅಲ್ವಾ? “ಪಾಯ ಕೂತಿದೆ” ಅಂದುಬಿಟ್ಟೆ.

ಹೇಳಿದ ಮೇಲೆ ಪರೀಕ್ಷೆಯಾದರೂ ಮಾಡಬೇಕಲ್ಲ. ಕಟ್ಟೆಯ ಮುಂದಿನ ಇಟ್ಟಿಗೆ ಮೇಲೆ, ಬಿರುಕಿನ ನೇರಕ್ಕೆ, ತೆಳುವಾದ ಗಾಜಿನ ಪಟ್ಟಿಗಳನ್ನು ಅಂಟಿಸಿದೆ. ಗೋಡೆಯಲ್ಲಿ ಎರಡು ಕಡೆ ಅಂಟಿಸಿದೆ. ಪಕ್ಕದಲ್ಲಿ ಪೆನ್ಸಿಲ್‌ನಿಂದ ತಾರೀಖು. ಕೆಳಗಿನ ಗೋಡೆ ಒಂದಿಷ್ಟು ಜರುಗಿದರೂ ಗಾಜು ಮುರಿಯುತ್ತದೆ. ಹಳೆಯ ಉಪಾಯ, ಖರ್ಚಿಲ್ಲದ್ದು. ಮೂರು ವಾರ ಕಳೆಯಿತು. ಒಂದು ಗಾಜೂ ಮುರಿಯಲಿಲ್ಲ. ಮೇಲಿನ ಕಲ್ಲಿನ ಬಿರುಕು ಮಾತ್ರ ಒಳಕ್ಕೆ ಎರಡು ಬೆರಳು ಬೆಳೆದಿತ್ತು. ಹಾಗಾದರೆ ನೆಲದ ತಪ್ಪಲ್ಲ. ನೆಲ ಕೂತಿದ್ದರೆ ಇಟ್ಟಿಗೆಯೂ ಸೀಳಬೇಕಿತ್ತು. ಇಷ್ಟು ಸರಳ ಮಾತು ಹೊಳೆಯಲು ಮೂರು ವಾರ ಬೇಕಾಯಿತು.

ಅದೇ ಹೊತ್ತಿಗೆ, 2025ರ ಜನವರಿಯಲ್ಲಿ, ಮುಂಬೈಯ ಕಟ್ಟಿಗೆ, ಇದ್ದಿಲಿನ ಬೇಕರಿಗಳು ಆರು ತಿಂಗಳಲ್ಲಿ ಬೇರೆ ಇಂಧನಕ್ಕೆ ಹೋಗಬೇಕು ಅಂತ ಬಾಂಬೆ ಹೈಕೋರ್ಟ್ ಹೇಳಿದ ಸುದ್ದಿ ಬಂತು. “ನಮಗೂ ಬರ್ತದೇನೋ?” ಅಂತ ಅಕ್ಕ ಗಾಬರಿಯಾದಳು. ಅದು ಮುಂಬೈಯ ಗಾಳಿಯ ವಿಷಯ, ಬೇಕರಿಗಳ ವಿಷಯ ಅಂತ ಸಮಾಧಾನ ಹೇಳಿದೆ. “ಅಷ್ಟರಾಗ ಕಲ್ಲರ ಗಟ್ಟಿ ಮಾಡು” ಅಂದಳು.

ಬಿಸಿ ಅಳೆದದ್ದು

ಮುಂದಿನ ಸಲ ಸೈಟಿನಿಂದ ತಾಪಮಾನದ ಗನ್ ತಂದೆ. ಗುರಿ ಇಟ್ಟು ಒತ್ತಿದರೆ ಬಿಸಿ ಎಷ್ಟು ಅಂತ ತೋರಿಸುತ್ತದಲ್ಲ, ಅದು. ಮಧ್ಯಾಹ್ನ ಎರಡು ಗಂಟೆ. ನಾಲ್ಕು ತಾಸಿನಿಂದ ಜಾಲಿ ಕಟ್ಟಿಗೆ ಉರಿಯುತ್ತಿತ್ತು. ಒಲೆಯ ತಳದ ಹಾಳೆ 380 ಡಿಗ್ರಿ. ಅದರ ಕೆಳಗೆ ಕಲ್ಲು, ನಡುವೆ, 190. ಕಲ್ಲಿನ ಮುಂದಿನ ಅಂಚು 55. ಒಂದೇ ಹಲಗೆಯಲ್ಲಿ ಒಂದು ಮೊಳದ ಅಂತರಕ್ಕೆ ಇಷ್ಟು ವ್ಯತ್ಯಾಸ.

ಇಲ್ಲಿ ಒಂದು ಎಚ್ಚರಿಕೆ. ಈ ಗನ್ ಮಸಿ ಹಿಡಿದ ಕಬ್ಬಿಣ, ಕಲ್ಲು, ಇಟ್ಟಿಗೆಗೆ ಸರಿ. ಹೊಳೆಯುವ ತಗಡಿಗೆ ಹಿಡಿದರೆ ಸುಳ್ಳು ಹೇಳುತ್ತದೆ, ಕಡಿಮೆ ತೋರಿಸುತ್ತದೆ. ಮುಂದೆ ಹೊಸ ತಗಡು ಹಾಕಿದಾಗ ಅದು 70 ಅಂತ ತೋರಿಸಿತು. ಅದರ ಮೇಲೆ ನೀರು ಚಿಮುಕಿಸಿದರೆ ಹನಿ ಕುಣಿದು ಹಾರಿತು! ಅಲ್ಲಿ ಮಸಿ ಬಳಿದು ಅಳೆಯಬೇಕು.

ಈಗ ಲೆಕ್ಕಕ್ಕೆ ಬರೋಣ. ಒಂದು ಮೀಟರ್ ಗ್ರಾನೈಟ್ 100 ಡಿಗ್ರಿ ಬಿಸಿಯಾದರೆ ಸುಮಾರು 0.8 ಮಿಮೀ ಉದ್ದವಾಗುತ್ತದೆ. ನಮ್ಮದು ಒಂದೂವರೆ ಮೀಟರ್ ಹಲಗೆ, ನಡುವೆ ಏರಿದ್ದು 160 ಡಿಗ್ರಿ. ನಡುವಿನ ಭಾಗ ಹೆಚ್ಚುಕಡಿಮೆ ಎರಡು ಮಿಮೀ ಹಿಗ್ಗಬೇಕು ಅನ್ನುತ್ತದೆ. ಅಕ್ಕ ಬಡಿದ ಒಂದು ರೊಟ್ಟಿಯ ದಪ್ಪ. ಆದರೆ ಎರಡು ತುದಿಗೆ ಗೋಡೆ, ಸುತ್ತ ಬಿಳಿ ಸಿಮೆಂಟ್. ಹೋಗಲು ಜಾಗವೇ ಇಲ್ಲ. ಹಾಗಾಗಿ ಅದು ಮೇಲಕ್ಕೆ ಎದ್ದು ಸಿಮೆಂಟ್ ಬಿಟ್ಟಿತು. ಪೊಳ್ಳು ಸದ್ದು ಅದರದೇ.

ಬಿರುಕು ಅಂಚಿನಿಂದ ಯಾಕೆ ಶುರುವಾಯಿತು? ನಡು ಹಿಗ್ಗುತ್ತದೆ, ಮುಂದಿನ ತಣ್ಣನೆಯ ಅಂಚು ಹಿಗ್ಗುವುದಿಲ್ಲ. ಬಿಸಿ ನಡು ತಣ್ಣನೆ ಅಂಚನ್ನು ಎರಡೂ ಕಡೆಗೆ ಎಳೆಯುತ್ತದೆ. ಕಲ್ಲು ಒತ್ತಿದರೆ ಎಷ್ಟು ಬೇಕಾದರೂ ತಡೆಯುತ್ತದೆ, ಎಳೆದರೆ ಬೇಗ ಸೋಲುತ್ತದೆ. ಅದಕ್ಕೇ ಬಾಯಿ ಬಿಡುವುದು ಅಂಚು, ಬೆಂಕಿಯ ನಡುವಲ್ಲ. ಗ್ರಾನೈಟಿನ ಒಳಗಿನ ಬೆಣಚು 573 ಡಿಗ್ರಿಯಲ್ಲಿ ರೂಪ ಬದಲಿಸಿ ಒಮ್ಮೆಲೇ ಉಬ್ಬುತ್ತದೆ ಅಂತಲೂ ಜನ ಹೇಳುತ್ತಾರೆ. ನಿಜ. ಆದರೆ ನಮ್ಮ ಕಲ್ಲು ಆ ಬಿಸಿಯ ಹತ್ತಿರಕ್ಕೂ ಹೋಗಿರಲಿಲ್ಲ. ಅದನ್ನು ಇಲ್ಲಿಗೆ ಎಳೆದು ತರಬೇಕಾಗಿಲ್ಲ.

ಚಳಿ ದೇಶದವರು ಇದನ್ನು ಹೇಗೆ ನೋಡುತ್ತಾರೆ ಅಂತ ಹುಡುಕಿದೆ. ಇಂಗ್ಲೆಂಡಿನ ಕಟ್ಟಡ ನಿಯಮದಲ್ಲಿ ಒಂದು ನೇರ ಮಾತಿದೆ. ಒಲೆ ತನ್ನ ಕೆಳಗಿನ ಕಟ್ಟೆಯನ್ನು 100 ಡಿಗ್ರಿಗಿಂತ ಜಾಸ್ತಿ ಬಿಸಿ ಮಾಡುವುದಿಲ್ಲ ಅಂತಾದರೆ ಬೆಂಕಿ ಹಿಡಿಯದ 12 ಮಿಮೀ ಹಲಗೆ ಸಾಕು. ಜಾಸ್ತಿ ಮಾಡುತ್ತದೆ ಅಂದರೆ 125 ಮಿಮೀ ದಪ್ಪದ ಕಟ್ಟೆ ಬೇಕು. ಆ ನಿಯಮ ಇರುವುದು ಕೆಳಗಿನ ಮರದ ನೆಲಕ್ಕೆ ಬೆಂಕಿ ಹತ್ತಬಾರದು ಅಂತ, ಕಲ್ಲು ಸೀಳಬಾರದು ಅಂತಲ್ಲ. ಆದರೂ ನನಗೆ ಹಿಡಿದದ್ದು ಆ 100ರ ಗೆರೆ. ನಮ್ಮದು 190ರಲ್ಲಿ ನಿಂತಿತ್ತು.

ನನ್ನ ಮೊದಲ ರಿಪೇರಿ, ಅದೂ ಕೆಟ್ಟದ್ದು

ಫೆಬ್ರವರಿಯಲ್ಲಿ ಗ್ರಾನೈಟ್ ಕಿತ್ತು ಫೈರ್ ಬ್ರಿಕ್ ಹಾಕಿಸಿದೆ. ಭಟ್ಟಿಗಳಿಗೆ ಹಾಕುವ ಇಟ್ಟಿಗೆ, 230 × 115 × 75 ಮಿಮೀ. ಐದಡಿ, ಎರಡೂವರೆ ಅಡಿಗೆ 44 ಸಾಕಾಗುತ್ತದೆ, 50 ತಂದೆವು. ಜೋಡಿಸಲು ಫೈರ್ ಕ್ಲೇ, ಅಂದರೆ ಬೆಂಕಿ ತಡೆಯುವ ಮಣ್ಣು, ಅದರ ಚೀಲವನ್ನೂ ತಂದುಕೊಟ್ಟು ನಾನು ಸೈಟಿಗೆ ಹೋದೆ. ಅದೇ ತಪ್ಪಾಯಿತು. ಹದಿನೈದು ದಿನಕ್ಕೆ ಸಂದುಗಳು ಹಿಟ್ಟಿನ ಹಾಗೆ ಉದುರಿದವು. ನಡುವಿನ ಎರಡು ಇಟ್ಟಿಗೆ ತಲೆ ತಾಗಿಸಿ ಡೇರೆಯ ಹಾಗೆ ಮೇಲೆದ್ದವು.

ಗೌಂಡಿಯನ್ನು ಕೇಳಿದೆ. ಮುಚ್ಚಿಡಲಿಲ್ಲ ಪಾಪ. “ಬರೇ ಮಣ್ಣಿನ್ಯಾಗ ಹಿಡ್ಯಂಗಿಲ್ಲ ಅಂತ ಒಂದ ಪುಟ್ಟಿ ಸಿಮಿಟ್ ಕೂಡ್ಸೀನ್ರಿ, ಗಟ್ಟಿ ಆಗ್ಲಿ ಅಂತ.” ಸಾಮಾನ್ಯ ಸಿಮೆಂಟ್ ಹಿಡಿಯುವುದೇ ನೀರಿನ ಬಲದಿಂದ. 300 ಡಿಗ್ರಿ ದಾಟಿದರೆ ಅದರ ಬಲ ಇಳಿಯುತ್ತ ಹೋಗುತ್ತದೆ, 400ರಿಂದ 500ರ ನಡುವೆ ಒಳಗೆ ಕಟ್ಟಿದ್ದ ಸುಣ್ಣದ ಅಂಶವೂ ಒಡೆಯುತ್ತದೆ. ಆದರೆ ನಮ್ಮ ಕಟ್ಟೆ ಅಷ್ಟು ಕಾದಿರಲಿಲ್ಲ. ಇಲ್ಲಿ ಕೆಡಿಸಿದ್ದು ಸಿಮೆಂಟಿನ ಗಡಸುತನ. ಅದು ಕಟ್ಟೆಯನ್ನೆಲ್ಲ ಒಂದೇ ಹಲಗೆ ಮಾಡಿತ್ತು. ಮತ್ತೆ ಗೋಡೆಯಿಂದ ಗೋಡೆಗೆ ಬಿಗಿ. ಗ್ರಾನೈಟಿಗೆ ಮಾಡಿದ್ದನ್ನೇ ಇಟ್ಟಿಗೆಗೂ ಮಾಡಿದ್ದೆವು. ಗೋಡೆ ಬಿಟ್ಟು ಕೂಡಿಸು ಅಂತ ನಾನೂ ಹೇಳಿರಲಿಲ್ಲ. ಹಾಗಾಗಿ ಬೈಯಲು ಬಾಯಿ ಬರಲಿಲ್ಲ.

ಆದರೂ ಒಂದು ವಿಷಯ ತಲೆಗೆ ಹೋಗುತ್ತಿರಲಿಲ್ಲ. ಮೂರು ಸಲವೂ ಮೊದಲು ಕೆಟ್ಟದ್ದು ಎಡಗಡೆ ಮುಂದಿನ ಮೂಲೆ. ಎರಡು ಬಾಯಿಗೂ ಉರಿ ಒಂದೇ. ಬಲಗಡೆ ಯಾಕಿಲ್ಲ?

ಉತ್ತರ ಸಿಕ್ಕಿದ್ದು ಒಂದು ಶನಿವಾರ ರಾತ್ರಿ. ಊಟಕ್ಕೆಂದು ಹೋದವನು ಮುಚ್ಚುವವರೆಗೂ ಕೂತೆ. ಅಲ್ಲಿಯವರೆಗೆ ಒಲೆ ಉರಿಯುವುದನ್ನು ಹತ್ತು ಸಲ ನೋಡಿದ್ದೆ, ಆರಿಸುವುದನ್ನು ಒಂದು ಸಲವೂ ನೋಡಿರಲಿಲ್ಲ. ಹನ್ನೊಂದಕ್ಕೆ ಕೆಲಸದ ಹುಡುಗ ದೊಡ್ಡ ಕಟ್ಟಿಗೆ ಎಳೆದ. ಆಮೇಲೆ ಒಂದು ಬಕೆಟ್ ನೀರು ತಂದು ಎರಡೂ ಬಾಯಿಗೆ ಒಂದೊಂದು ಚರಿಗೆ ಚೆಲ್ಲಿದ. ‘ಚುಂಯ್’ ಅಂತ ಸದ್ದು, ಬಿಳಿ ಹೊಗೆ, ಒದ್ದೆ ಬೂದಿಯ ವಾಸನೆ. ನೀರು ಜಾಲರಿಯ ಸಂದಿನಿಂದ ಕೆಳಗಿಳಿಯಿತು, ಕಟ್ಟೆಯ ಮೇಲೆ ಹರಿದು ಮುಂದೆ ಬಂತು, ಎಡಕ್ಕೆ ತಿರುಗಿತು, ಮೂಲೆಯಿಂದ ತೊಟ್ಟಿಕ್ಕಿತು. ಉಳಿದ ಅರ್ಧ ಬಕೆಟ್ಟನ್ನು ಹುಡುಗ ಕಟ್ಟೆಯ ಮೇಲೇ ಸುರಿದು ಪೊರಕೆಯಲ್ಲಿ ಗುಡಿಸಿದ. ಗನ್ ಹಿಡಿದೆ. 170 ಇದ್ದ ಜಾಗ ಒಂದು ಗಳಿಗೆಯಲ್ಲಿ 60.

“ನೀರು ಎಡಕ್ಕೇ ಯಾಕೆ ಹೋಗುತ್ತದೆ?” ಅಂತ ಗೌಂಡಿಗೆ ಫೋನಿನಲ್ಲಿ ಕೇಳಿದೆ. ಆತ ಹೆಮ್ಮೆಯಿಂದಲೇ ಹೇಳಿದ. “ಉತಾರ ಕೊಟ್ಟೀನ್ರಿ, ತೊಳಿಯಾಕ ಸಲೀಸಾಗ್ಲಿ ಅಂತ.” ಮೂರು ಸಲವೂ ಅದೇ ಇಳಿಜಾರು, ಅದೇ ಮೂಲೆಗೆ. ಹಗಲೆಲ್ಲ ನಡುವಿನ ಬಿಸಿ ಎಳೆದು ಸೋತಿದ್ದ ಅಂಚಿಗೆ ರಾತ್ರಿ ತಣ್ಣೀರು. ಮೇಲ್ಪದರ ತಟ್ಟನೆ ಕುಗ್ಗುತ್ತದೆ, ಒಳಗಿನದು ಇನ್ನೂ ಹಿಗ್ಗಿಯೇ ಇರುತ್ತದೆ. ಸೀಳದೆ ಏನು ಮಾಡೀತು?

ಅಕ್ಕನ ಅತ್ತೆ ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅಲ್ಲಿಯವರೆಗೂ ಒಂದು ಮಾತಾಡಿರಲಿಲ್ಲ. “ಹಿಂದಕ ನಮ್ಮ ಕಡಿ ಬಂಡಿಗಲ್ಲ ಎಬ್ಬಸೂದ ಹಿಂಗ ಅಲ್ಲೇನ? ಮ್ಯಾಲ ಬೆಂಕಿ ಹಾಕೂದು, ಕಲ್ಲ ಪದರ ಬಿಟ್ಟು ಏಳ್ತಿತ್ತು” ಅಂದರು. ಕಲ್ಲಿನ ಊರಿನವರು. ಸುತ್ತಿಗೆಯೇ ಬೇಡ, ಬೆಂಕಿಯೇ ಕಲ್ಲನ್ನು ಸೀಳುತ್ತದೆ ಅನ್ನುವುದು ಅವರಿಗೆ ಗೊತ್ತಿದ್ದ ವಿಷಯ. “ಮತ್ತ ಮೊದಲ ಯಾಕ ಹೇಳಲಿಲ್ರೀ?” ಅಂತ ಅಕ್ಕ ಕೇಳಿದಳು. “ಯಾರ ಕೇಳಿದ್ರಿ?” ಅಂದರು.

ಬೂದಿಯ ಕತೆಯೂ ಅವರಿಂದಲೇ ಹೊರಬಿತ್ತು. ಊರಿನ ಮಣ್ಣಿನ ಒಲೆಯಲ್ಲಿ ಬೂದಿಯನ್ನು ಪೂರ್ತಿ ಯಾರೂ ತೆಗೆಯುತ್ತಿರಲಿಲ್ಲ. ತಳದಲ್ಲಿ ಒಂದು ಹಾಸು ಬಿಟ್ಟೇ ಕಟ್ಟಿಗೆ ಒಡ್ಡುವುದು. ಇಲ್ಲಿ ಗಿರಾಕಿಗಳು ಒಲೆಯ ಫೋಟೋ ತೆಗೆಯುತ್ತಾರೆ ಅಂತ ಅಕ್ಕ ದಿನಾ ಬೆಳಿಗ್ಗೆ ಹಾಳೆ ಕಾಣುವ ಹಾಗೆ ಬಳಿಸುತ್ತಿದ್ದಳು. ಮರುದಿನವೇ ತಳದಲ್ಲಿ ಎರಡು ಇಂಚು ಬೂದಿ ಬಿಟ್ಟು ಉರಿ ಹಾಕಿ ಅಳೆದೆ. ತಳದ ಹಾಳೆ 380ರಿಂದ 230ಕ್ಕೆ ಇಳಿಯಿತು. ಒಂದು ಪೈಸೆ ಖರ್ಚಿಲ್ಲದೆ! ಬೂದಿಯ ಒಳಗೆಲ್ಲ ಗಾಳಿ. ಕೆಂಡದ ಬಿಸಿ ಅದನ್ನು ದಾಟಿ ಕೆಳಗೆ ಬರಲು ಒದ್ದಾಡಬೇಕು.

ಕೊನೆಗೆ ಮಾಡಿದ್ದು

ಮಾರ್ಚಿನಲ್ಲಿ ಒಂದು ಸೋಮವಾರ ಖಾನಾವಳಿ ಮುಚ್ಚಿ ಕಟ್ಟೆ ಬಿಚ್ಚಿದೆವು. ಈ ಸಲ ನಾನು ಅಲ್ಲೇ ನಿಂತೆ. ಕೆಳಗಿನ ಇಟ್ಟಿಗೆಯ ಮೇಲೆ ಜರಡಿ ಹಿಡಿದ ಒಣ ಮರಳು, ಒಂದು ಇಂಚು. ಅದನ್ನು ಮಟ್ಟ ಮಾಡಿದೆವು, ಇಳಿಜಾರು ಇಲ್ಲವೇ ಇಲ್ಲ. ಸುತ್ತ ಕಬ್ಬಿಣದ ಆಂಗಲ್‌ನ ಚೌಕಟ್ಟು, ಮೂರು ಗೋಡೆಯಿಂದಲೂ 10 ಮಿಮೀ ದೂರ. ಅದರೊಳಗೆ ಫೈರ್ ಬ್ರಿಕ್‌ಗಳನ್ನು ಒಣದಾಗಿಯೇ ಜೋಡಿಸಿದೆವು, ಚೌಕಟ್ಟಿಗೆ ತಾಗದ ಹಾಗೆ. ಸಂದಿಗೆ ಒಣ ಫೈರ್ ಕ್ಲೇ, ಸಣ್ಣ ಮರಳು ಬೆರೆಸಿ ಪೊರಕೆಯಿಂದ ತುಂಬಿಸಿದ್ದು. ಸಿಮೆಂಟ್ ಒಂದು ಚಿಟಿಕೆಯೂ ಇಲ್ಲ. ಗೌಂಡಿ ಬೆಳಿಗ್ಗೆಯಿಂದ ಮುಖ ಸಣ್ಣ ಮಾಡಿಕೊಂಡಿದ್ದ. “ಇದು ಕೆಲಸ ಅಲ್ರೀ, ಇಟ್ಟಂಗಿ ಪೇರಿಸಿದಂಗ” ಅಂತ ನಾಲ್ಕು ಸಲ ಅಂದ. ಚೌಕಟ್ಟಿನ ಒಳಗೂ ಹೊರಗೂ ಉಳಿದ ಸಂದಿಗೆ ಬಿಸಿ ತಡೆಯುವ ಸೆರಾಮಿಕ್ ಹಗ್ಗ ತುರುಕಿ ಮೇಲೆ ತಗಡಿನ ಪಟ್ಟಿ ಮುಚ್ಚಿದೆವು. ಆ ಹಗ್ಗದ ಎಳೆ ಉದುರಿ ಅಡುಗೆಗೆ ಬೀಳಬಾರದು, ಮೂಗಿಗೂ ಹೋಗಬಾರದು. ಕೊಯ್ಯುವಾಗ ಮಾಸ್ಕ್ ಹಾಕಿಸಿದ್ದೆ.

ಒಲೆಯ ಕಾಲನ್ನು ಎರಡು ಇಂಚಿನಿಂದ ನಾಲ್ಕಕ್ಕೆ ಎತ್ತರಿಸಿದೆವು. ತಳದಿಂದ ಒಂದು ಇಂಚು ಕೆಳಗೆ ಒಂದು ತಗಡು ತೂಗುಹಾಕಿ, ಮೇಲೂ ಕೆಳಗೂ ಗಾಳಿ ಆಡುವ ಹಾಗೆ ಬಿಟ್ಟೆವು. ಪ್ರತಿ ಕಾಲಿನ ಕೆಳಗೆ ಅಂಗೈ ಅಗಲದ ಒಂದು ದಪ್ಪ ಹಾಳೆ, ತೂಕ ಒಂದೇ ಇಟ್ಟಿಗೆಯ ಮೇಲೆ ಚುಚ್ಚಬಾರದು ಅಂತ. ಮೊದಲ ಎರಡು ದಿನ ಸಣ್ಣ ಉರಿ ಮಾತ್ರ, ಒಳಗಿನ ತೇವ ನಿಧಾನ ಹೋಗಲಿ ಅಂತ. ಒಟ್ಟು ಖರ್ಚು ಎರಡು ಗ್ರಾನೈಟ್ ಹಲಗೆಗಿಂತ ಕಡಿಮೆ ಬಂತು.

ನೀರು ಬಿಡಿಸುವುದೇ ಕಷ್ಟವಾಯಿತು. ಕೆಂಡ ಆರಿಸದೆ ಮನೆಗೆ ಹೋಗಲು ಯಾರಿಗೂ ಧೈರ್ಯ ಬರುವುದಿಲ್ಲ, ಅದು ಸರಿಯೇ. ಮುಚ್ಚಳ ಬಿಗಿಯಾಗಿ ಕೂರುವ ಕಬ್ಬಿಣದ ಡಬ್ಬಿ ಮಾಡಿಸಿದೆವು. ರಾತ್ರಿ ಕೆಂಡವನ್ನೆಲ್ಲ ಅದಕ್ಕೆ ಎಳೆದು, ಮುಚ್ಚಿ, ಹಿತ್ತಲಲ್ಲಿ ಇಡಬೇಕು. ಒಳಗೆ ಇಟ್ಟರೆ ಹೊಗೆ ಕಾಣದಿದ್ದರೂ ಅದರ ವಿಷಗಾಳಿ ಮಲಗಿದವರನ್ನು ಏಳಗೊಡುವುದಿಲ್ಲ. ಗಾಳಿ ಸಿಗದೆ ಕೆಂಡ ತಾನೇ ಆರುತ್ತದೆ, ಬೆಳಿಗ್ಗೆಗೆ ಇದ್ದಿಲು. ಹುಡುಗನಿಗೆ ಮೊದಲು ಬೇಜಾರಾಯಿತು. ಆ ಇದ್ದಿಲಿನ ಮೇಲೆ ಬದನೆಕಾಯಿ ಸುಡಬಹುದು ಅಂತ ಗೊತ್ತಾದ ಮೇಲೆ ಅಕ್ಕನೇ ಡಬ್ಬಿಯ ಕಾವಲಿಗೆ ನಿಂತಳು. ಕಟ್ಟೆಯನ್ನು ಈಗ ಬೆಳಿಗ್ಗೆ, ಪೂರ್ತಿ ತಣ್ಣಗಾದ ಮೇಲೆ, ಒದ್ದೆ ಬಟ್ಟೆಯಿಂದ ಒರೆಸುತ್ತಾರೆ.

ಒಂದು ವಾರದ ಮೇಲೆ ಮಧ್ಯಾಹ್ನ ಎರಡಕ್ಕೆ ಅಳೆದೆ. ಕಟ್ಟೆಯ ನಡು 85, ಅಂಚು 45.

ಮಳೆಗಾಲ ಕಳೆದ ಮೇಲೆ, ದಸರೆ ಹೊತ್ತಿಗೆ ಮತ್ತೆ ಹೋಗಿದ್ದೆ. ಎಡಗಡೆ ಬಾಯಿಯ ಕೆಳಗೆ ಒಂದು ಇಟ್ಟಿಗೆಯ ಬಣ್ಣ ಬೇರೆ ಇತ್ತು, ಹೊಸದು. ಏನಾಯಿತು ಅಂತ ಕೇಳಿದೆ. ಶ್ರಾವಣದಲ್ಲೇ ಒಂದು ಇಟ್ಟಿಗೆ ಸೀಳಿತ್ತಂತೆ. ಅಕ್ಕ ಚಾಕುವಿನಿಂದ ಸಂದಿನ ಮರಳು ಕೆದಕಿ, ಇಟ್ಟಿಗೆ ಎತ್ತಿ, ಉಳಿದ ಆರರಲ್ಲಿ ಒಂದನ್ನು ಕೂಡಿಸಿದ್ದಳು. “ಅದಕ್ಕ ನಿನಗ ಯಾಕ ಫೋನ್ ಮಾಡ್ಬೇಕು? ಹತ್ತು ನಿಮಿಷದ ಕೆಲಸ” ಅಂದಳು. ಸೀಳಿದ ಇಟ್ಟಿಗೆಯ ಒಂದು ತುಂಡು ಕೆಂಡದ ಡಬ್ಬಿಯ ಮುಚ್ಚಳದ ಮೇಲೆ ಕೂತಿತ್ತು. ಇನ್ನೊಂದು ತುಂಡನ್ನು ಅತ್ತೆ ಬಾಗಿಲಿಗೆ ಒತ್ತು ಕೊಟ್ಟಿದ್ದರು.